ಬೂದಿ ತಟ್ಟೆಯಲ್ಲಿ ಸಿಕ್ಕ ಕೆಂಪು ಅಂಟು

ಜನವರಿ ಹದಿನಾಲ್ಕರ ಬೆಳಿಗ್ಗೆ ಇಸ್ತರವ್‌ಶಾನ್ ಪಟ್ಟಣದ ಪೊಲೀಸ್ ಠಾಣೆಗೆ ಅಬ್ದುವಾಲಿ ಕೂಗಾಡುತ್ತಲೇ ನುಗ್ಗಿದ. ಮಂಡಿನೋವಿಗೆಂದು ಒಲೆಯ ಪಕ್ಕ ಒಬ್ಬಳೇ ಮಲಗುತ್ತಿದ್ದ ಅವನ ಅಕ್ಕ ಮಲೋಹತ್, ಹೊಗೆಗೆ ಉಸಿರುಗಟ್ಟಿ ನಿದ್ದೆಯಲ್ಲೇ ಸತ್ತಿದ್ದಳು. ಹಿಂದಿನ ದಿನವಷ್ಟೇ ಹೊಗೆಕೊಳವೆ ರಿಪೇರಿ ಮಾಡಿದ್ದವನು ಮೇಸ್ತ್ರಿ ಗುಲೋಮ್. ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್ ಸುಹ್ರೋಬ್ ಸ್ಥಳ ಪಂಚನಾಮೆ ಮಾಡಿದಾಗ ಕೊಳವೆಯ ಕೀಲಿನಲ್ಲಿ ಸಂದಿ ಬಾಯಿಬಿಟ್ಟಿತ್ತು. ಮಧ್ಯಾಹ್ನದ ಹೊತ್ತಿಗೆ ಗುಲೋಮ್ ಲಾಕಪ್ಪಿನಲ್ಲಿದ್ದ.

"ಸಾಹೇಬ್ರೇ, ದೇವ್ರಾಣೆ ಕೀಲಿನ ಸಂದಿಗೆ ಬಿಸಿ ತಡೆಯೋ ಕೆಂಪು ಅಂಟು ತುಂಬಿದ್ದೆ. ನನ್ ಕೆಲ್ಸ ಒರಟು, ಗೋಡೆಗೆಲ್ಲ ಮೆತ್ತಿಬಿಡ್ತೀನಿ. ಮಲೋಹತ್ ಅಕ್ಕ ಅದಕ್ಕೇ ಉಗಿದ್ರು. ಆದ್ರೆ ಸಂದಿ ಬಿಡೋನಲ್ಲ."

"ಒಳಗೆ ಬಂದವ್ರೆಲ್ಲ ಸಾಚಾಗಳೇ ಬಿಡು," ಎಂದ ಕಾನ್‌ಸ್ಟೇಬಲ್ ನಜ್ಮಿದ್ದೀನ್.

ಆದರೆ ಗೋಡೆಗೆಲ್ಲ ಮೆತ್ತಿಬಿಡ್ತೀನಿ ಎಂದ ಗುಲೋಮ್‌ನ ಮಾತು ಸುಹ್ರೋಬ್‌ನ ತಲೆ ಕೊರೆಯತೊಡಗಿತು. ಪಂಚನಾಮೆಯ ಫೋಟೊಗಳನ್ನು ಮತ್ತೆ ತೆಗೆದು ನೋಡಿದ. ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು. ಒಂದು ಕೆಂಪು ಚುಕ್ಕೆಯೂ ಇರಲಿಲ್ಲ. ಹಾಗಾದರೆ ಮೆತ್ತಿದ್ದೆಲ್ಲ ಎಲ್ಲಿ ಹೋಯಿತು?

ಹದಿನಾರರಂದು ಸುಹ್ರೋಬ್ ನಜ್ಮಿದ್ದೀನ್‌ನನ್ನು ಕರೆದುಕೊಂಡು ಮತ್ತೆ ಆ ಮನೆಗೆ ಹೋದ. ಸೂತಕದ ಗುರುತಾಗಿ ಸೊಂಟಕ್ಕೆ ವಸ್ತ್ರ ಬಿಗಿದ ಗಂಡಸರು ಬಾಗಿಲಲ್ಲಿ ನಿಂತಿದ್ದರು. ಪಕ್ಕದ ಮನೆಯವರು ಶೋರ್ಬಾ ಸಾರಿನ ಪಾತ್ರೆ ಹೊತ್ತು ಬರುತ್ತಿದ್ದರು. ಸಾವಿನ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವಂತಿಲ್ಲ. ಹಚ್ಚದ ಒಲೆಯ ಬೂದಿಯನ್ನು ಯಾರು ಎತ್ತುತ್ತಾರೆ? ಸುಹ್ರೋಬ್ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ.

"ಬೂದಿ ತಟ್ಟೆ ಎಳಿ."

"ಸತ್ತೋರ ಮನೆ ಬೂದಿ ಕೆದಕ್ತಾರಾ ಸಾರ್? ಪಾಪ ಸುತ್ಕೊಳುತ್ತೆ!"

"ನನ್ ತಲೆಗೇ ಸುತ್ಕೊಳ್ಲಿ, ಎಳಿಯೋ."

ಬೂದಿಯೊಳಗೆ, ಕೆರೆದು ತೆಗೆದ ಕೆಂಪು ಅಂಟಿನ ಸುರುಳಿಗಳು ಬಿದ್ದಿದ್ದವು. ಜೊತೆಗೆ ಅರ್ಧ ಬಳೆಯಂಥ ಒಂದು ದಪ್ಪ ತುಂಡು. ಸುಹ್ರೋಬ್ ಅದನ್ನು ಕೊಳವೆಯ ಕೀಲಿನ ಸಂದಿಗೆ ಹಿಡಿದ. ಸರಿಯಾಗಿ ಕೂತಿತು. ಗುಲೋಮ್ ಸುಳ್ಳು ಹೇಳಿರಲಿಲ್ಲ. ಪಂಚರೆದುರೇ ತುಂಡನ್ನು ಜಪ್ತಿ ಮಾಡಿ, ಸತ್ತವಳ ಗಂಡ ಹೊಶಿಮ್‌ನನ್ನೂ ಮಗಳು ನಿಗಿನಾಳನ್ನೂ ಕರೆಸಿದ.

"ಆವತ್ತು ಸಂಜೆ ಗೋಡೆ ಕ್ಲೀನ್ ಮಾಡಿದ್ದು ಯಾರಮ್ಮಾ?"

ಅತ್ತು ಅತ್ತು ಬಾತುಹೋಗಿದ್ದ ಮುಖವನ್ನು ಹುಡುಗಿ ಅಪ್ಪನ ಕಡೆ ತಿರುಗಿಸಿದಳು.

"ಅವಳನ್ನ ಕೇಳ್ಬೇಡಿ," ಎಂದ ಹೊಶಿಮ್. "ನಾನೇ."

"ಕೀಲಿಂದೂ ನೀವೇ ಕಿತ್ತಿದ್ದಾ?"

"ಅದೂ ಹೊರಗೆ ಉಬ್ಕೊಂಡಿತ್ತು. ಮೆತ್ತಿದ್ದೇ ಇರ್ಬೇಕು ಅಂದ್ಕೊಂಡೆ. ಚಾಕು ಹಾಕಿ ಎಳೆದ್ರೆ ಸಲೀಸಾಗಿ ಬಂತು. ಖುಷಿ ಆಯ್ತು."

"ಅಲ್ಲಿ ಗುಲೋಮ್ ಕೊಳೀತಿದ್ದಾನೆ ಹೊಶಿಮಣ್ಣ! ಅವನಿಗೆ ಹೆಂಡ್ತಿ ಮಕ್ಕಳಿಲ್ವಾ?"

"ಇದ್ದಾರೆ. ಗೊತ್ತು." ಹೊಶಿಮ್ ತಲೆ ಎತ್ತಲಿಲ್ಲ. "ಅಮ್ಮನ್ನ ಕೊಂದೋನು ಅಪ್ಪ ಅಂತ ಇವಳಿಗೆ ಯಾವ ಬಾಯಲ್ಲಿ ಹೇಳ್ಲಿ?"



ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಮತ್ತು ಅದನ್ನು ಮುಚ್ಚಿಟ್ಟ ಆರೋಪದ ಮೇಲೆ ಮಧ್ಯಾಹ್ನ ಹೊಶಿಮ್‌ನ ಬಂಧನವಾಯಿತು. ಸೊಂಟದ ವಸ್ತ್ರವನ್ನು ಅವನೇ ಬಿಚ್ಚಿ ಅಬ್ದುವಾಲಿಯ ಕೈಗಿಟ್ಟ. ಸಂಜೆಯೇ ಗುಲೋಮ್‌ನನ್ನು ಬಿಟ್ಟರು.

ಹೊಶಿಮ್‌ನ ಹೇಳಿಕೆಯಲ್ಲಿ ಗೋಡೆ ಕೆರೆದ ಕಾರಣ ಚಿಕ್ಕದಾಗಿತ್ತು. ರಿಪೇರಿಯಾದ ಮಾರನೆಯ ದಿನ ನಿಗಿನಾಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಗೋಡೆ ಹೀಗಿದ್ದರೆ ಮಗಳ ಮಾನ ಹೋಗುತ್ತದೆಂದು ಮಲೋಹತ್ ಇಡೀ ಸಂಜೆ ಗೊಣಗಿದ್ದಳು.

ಸುಹ್ರೋಬ್ ಪೆನ್ನು ಕೆಳಗಿಟ್ಟ. "ಕ್ಲೀನ್ ಮಾಡಿದ್ಮೇಲೆ ಅವ್ರು ನೋಡಿದ್ರಾ?"

"ನೋಡಿದ್ಳು," ಎಂದ ಹೊಶಿಮ್. "ಕೈಯಿಂದ ಸವರಿ ನೋಡಿದ್ಳು. 'ಈಗ ಚೆನ್ನಾಗಿದೆ, ಇನ್ನು ನೆಮ್ಮದಿಯಾಗಿ ನಿದ್ದೆ ಬರುತ್ತೆ' ಅಂದ್ಳು."