ಪಕ್ಕದ ಸ್ವರ

"ಮತ್ತೆ ಜಾರಿದೆ ಕಣೋ!"

ಔಸ್ತೆ ಹೆಡ್‌ಫೋನನ್ನು ಕೊರಳಿಗೆ ಇಳಿಬಿಟ್ಟು ನಕ್ಕಳು. ರಿಮಾಸ್ ತಲೆ ತಗ್ಗಿಸಿದ. ನಕ್ಕಾಗ ಅವಳ ಎಡ ಹುಬ್ಬು ಮಾತ್ರ ಮೇಲೇರುತ್ತದೆ. ಅದನ್ನು ನೋಡಿಬಿಟ್ಟರೆ ಮುಂದಿನ ಸಲವೂ ಅವನು ಜಾರುವುದು ಗ್ಯಾರಂಟಿ.

ವಿಲ್ನ್ಯುಸ್ ನಗರದ ಆ ಫ್ಲಾಟು ದೊಮಾಂತಾಸನ ಅಜ್ಜಿಯದು. ಅಜ್ಜಿ ಬೇಸಿಗೆಗೆಂದು ಹಳ್ಳಿಯ ತೋಟಕ್ಕೆ ಹೋಗಿದ್ದೇ ತಡ, ಅವಳ ಚಳಿಗಾಲದ ಕೋಟುಗಳನ್ನೆಲ್ಲ ಸದ್ದು ಮಾರ್ದನಿಸದಂತೆ ಗೋಡೆಗೆ ನೇತುಹಾಕಿ ಮಲಗುವ ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡಿದ್ದರು ಮೂವರು. ದೊಮಾಂತಾಸ್ ಅಡುಗೆಮನೆಯಲ್ಲಿ ಕಂಪ್ಯೂಟರ್ ಮುಂದೆ. ಇವರಿಬ್ಬರು ಕೋಟುಗಳ ನಡುವೆ, ಒಂದೇ ಮೈಕಿನ ಮುಂದೆ, ಬೆವರುತ್ತ.

ಅವರ ಮೊದಲ ಆಲ್ಬಮ್. ನಿಧಾನ ಲಯದ ಎಲೆಕ್ಟ್ರಾನಿಕ್ ಸಂಗೀತ ಎಂದು ಹೇಳಿಕೊಂಡರೂ ಒಂದು ಹಾಡಿಗೂ ಇನ್ನೊಂದಕ್ಕೂ ನೆಂಟಸ್ತನವಿಲ್ಲ. ಒಂದರಲ್ಲಿ ಅಕಾರ್ಡಿಯನ್, ಒಂದರಲ್ಲಿ ಜಾಜ್, ಇನ್ನೊಂದರಲ್ಲಿ ಟ್ರಾಲಿಬಸ್ಸಿನ ಬಾಗಿಲು ಮುಚ್ಚುವ ಸದ್ದು. ಬಾಕಿ ಉಳಿದದ್ದು ಕೊನೆಯದೊಂದು, ಸುತಾರ್ತಿನೆ. ಹಳ್ಳಿ ಹೆಂಗಸರು ಹಾಡುತ್ತಿದ್ದ ಹಳೇ ಜೋಡಿಹಾಡು. ಔಸ್ತೆಗೆ ಅದನ್ನು ಕಲಿಸಿದ್ದು ಅವಳ ಅಜ್ಜಿ. ಇದರಲ್ಲಿ ಇಬ್ಬರ ಸ್ವರ ಒಂದಾಗಕೂಡದು. ಪಕ್ಕಪಕ್ಕದ ಸ್ವರಗಳಲ್ಲಿ ಪಟ್ಟು ಹಿಡಿದು ನಿಂತು ಒಂದಕ್ಕೊಂದು ಉಜ್ಜಬೇಕು. ಆಗ ಗಂಟೆ ಹೊಡೆದ ಹಾಗೆ ಗಾಳಿಯೇ ನಡುಗುತ್ತದೆ.

ಜೊತೆಗೆ ಹಾಡಬೇಕಿದ್ದ ಹುಡುಗಿಗೆ ಗಂಟಲು ಕಟ್ಟಿದೆ ಎಂದು ಬೆಳಿಗ್ಗೆ ಔಸ್ತೆಯೇ ಸುದ್ದಿ ತಂದಿದ್ದಳು. "ರಿಮಾಸ್ ಹಾಡ್ಲಿ ಬಿಡು" ಎಂದದ್ದೂ ಅವಳೇ. ಗಂಡಸರು ಅದನ್ನು ಹಾಡುವ ರೂಢಿಯೇ ಇಲ್ಲ ಎಂದು ರಿಮಾಸ್ ಗೋಗರೆದರೂ ಕೇಳಲಿಲ್ಲ.

ಇವತ್ತೇ ಮುಗಿಯಬೇಕು. ಸಂಜೆಯ ಬಸ್ಸಿಗೆ ಔಸ್ತೆ ಬೇರೆ ದೇಶದ ತಾಲಿನ್‌ಗೆ ಹೊರಡುತ್ತಾಳೆ. ಅಲ್ಲಿನ ನಾಟಕ ತಂಡದಲ್ಲಿ ಹಾಡುವ ಕೆಲಸ ಸಿಕ್ಕಿದೆ. ರಿಮಾಸನ ಗಂಟಲಲ್ಲೋ, ಎರಡು ವರ್ಷದಿಂದ ಒಂದೇ ಮಾತು ಸಿಕ್ಕಿಹಾಕಿಕೊಂಡಿದೆ. ಸಂಜೆಯೊಳಗೆ ಹೇಳದಿದ್ದರೆ ಇನ್ನು ಯಾರಿಗೆ ಹೇಳುವುದು, ಈ ಕೋಟುಗಳಿಗಾ?

"ಲೋ ರಿಮಾಸ್," ಅಡುಗೆಮನೆಯಿಂದ ದೊಮಾಂತಾಸ್ ಕೂಗಿದ. "ನಿಂಗೆ ಅಂತ ಒಂದು ಸ್ವರ ಕೊಟ್ಟಿದೆಯಲ್ಲ, ಅಲ್ಲೇ ಬಿದ್ದಿರೋ! ಪಕ್ಕದ ಮನೆಗೆ ಯಾಕೆ ನುಗ್ತೀಯ?"

ಔಸ್ತೆ ಕಿಸಕ್ಕನೆ ನಕ್ಕಳು. "ನಮ್ಮಜ್ಜಿ ಇದ್ದಿದ್ರೆ ಪೊರಕೆ ತಗೊಂಡು ಅಟ್ಟಿಸ್ಕೊಂಡು ಬರ್ತಿದ್ಲು. ಯಾಕೋ ಜಾರ್ತೀಯ?"

"ಗೊತ್ತಿಲ್ಲ."

"ಗೊತ್ತಿಲ್ವಾ?"

"ನೀನು ಶುರು ಮಾಡಿದ ತಕ್ಷಣ ನನ್ನ ಸ್ವರ ಯಾವುದು ಅಂತಲೇ ಮರೆತುಹೋಗುತ್ತೆ."

ಇಷ್ಟು ಹೇಳುವಷ್ಟರಲ್ಲಿ ಅವನ ಕಿವಿ ಕೆಂಪಾಯಿತು. ಔಸ್ತೆ ಅವನನ್ನೇ ನೋಡಿದಳು. ಅವನ ತೋಳಿಗೆ ಅಂಟಿದ್ದ ಕೋಟಿನ ಕೂದಲೊಂದನ್ನು ಕಿತ್ತು ಬಿಸಾಡಿದಳು.

ಮಧ್ಯಾಹ್ನಕ್ಕೆ ಬೀಟ್‌ರೂಟಿನ ತಣ್ಣನೆಯ ಸಾರು, ಬಿಸಿ ಆಲೂಗಡ್ಡೆ. ಅವಳ ಮೇಲ್ದುಟಿಯ ಮೇಲೆ ಗುಲಾಬಿ ಗೆರೆ ಉಳಿದಿತ್ತು.

"ಮೀಸೆ ಬಂದಿದೆ ನಿಂಗೆ," ಎಂದ ರಿಮಾಸ್.

"ಹಾಗಾದ್ರೆ ಗಂಡಸರೂ ಸುತಾರ್ತಿನೆ ಹಾಡ್ತಾರೆ ಅಂತಾಯ್ತು. ಒರೆಸೋಕೆ ಏನಾದ್ರೂ ಕೊಡು, ಸುಮ್ನೆ ನೋಡ್ಬೇಡ."

ಅವನು ಸುಮ್ಮನೆ ನೋಡುತ್ತಲೇ ಇದ್ದ.

ದೊಮಾಂತಾಸ್ ತಟ್ಟೆ ಸರಿಸಿ ಎದ್ದ. "ಇನ್ನೊಂದೇ ಒಂದು ಸಲ. ಆಗ್ಲಿಲ್ವಾ, ಈ ಹಾಡನ್ನ ಆಲ್ಬಮ್ಮಿಂದ ಬಿಟ್ಟುಬಿಡೋಣ."

ಔಸ್ತೆಯ ಮುಖ ಬಾಡಿತು. ರಿಮಾಸನಿಗೆ ಅದನ್ನು ನೋಡಲಾಗಲಿಲ್ಲ. ತನ್ನಿಂದ ಇವಳಿಗೆ ಬೇರೇನೂ ಕೊಡಲಾಗಲಿಲ್ಲ, ಇದನ್ನಾದರೂ ಕೊಡಬೇಕು ಎನಿಸಿತು.

ಈ ಸಲ ಅವನು ಅವಳಿಗೆ ಬೆನ್ನು ಹಾಕಿ ನಿಂತ. ನುಸಿಗುಳಿಗೆ ವಾಸನೆಯ ಕೋಟಿನತ್ತ ಮುಖ ಮಾಡಿ, ಕಣ್ಣು ಬಿಗಿಯಾಗಿ ಮುಚ್ಚಿ ಹಾಡಿದ. ಅವಳ ಸ್ವರ ಬಂದು ಒತ್ತಿತು, ಎಳೆಯಿತು. ಅವನು ಕದಲಲಿಲ್ಲ. ಎರಡೂ ಸ್ವರ ಒಂದಕ್ಕೊಂದು ಉಜ್ಜಿ ಕೋಣೆಯ ಗಾಳಿ ನಡುಗಿತು. ಹೀಗೆ ದೂರ ನಿಂತೇ ಹಾಡುವುದು ಇಷ್ಟು ನೋಯುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

"ಸಿಕ್ತು!" ದೊಮಾಂತಾಸ್ ಮೇಜು ಗುದ್ದಿದ. "ಸಿಕ್ತು ಕಣ್ರೋ!"

ರಿಮಾಸ್ ಖುಷಿಯಿಂದ ತಿರುಗಿದ. ಔಸ್ತೆಯ ಕಣ್ಣು ತುಂಬಿತ್ತು.

"ಹೇಗೆ ಮಾಡಿದೆ?"

"ನಿನ್ನ ನೋಡ್ಲಿಲ್ಲ."

"ಯಾಕೋ ನೋಡ್ಲಿಲ್ಲ, ದಡ್ಡ? ನೀನು ಸರಿಯಾಗಿ ಹಾಡಿದ್ರೆ ನಾನು ಈಗ್ಲೇ ಹೊರಡ್ಬೇಕಾಗುತ್ತೆ ಅಂತ ಹೊಳೀಲಿಲ್ವಾ?" ಅವಳು ಮೂಗು ಒರೆಸಿಕೊಂಡಳು. "ಆ ಹುಡುಗಿ ಗಂಟಲು ಚೆನ್ನಾಗೇ ಇದೆ. ಅವಳು ಬಂದಿದ್ರೆ ಬೆಳಿಗ್ಗೇನೇ ಮುಗೀತಿತ್ತು. ಅದಕ್ಕೇ ನಾನೇ ಬರ್ಬೇಡ ಅಂದೆ."

ರಿಮಾಸನ ಗಂಟಲಲ್ಲಿ ಸಿಕ್ಕಿದ್ದ ಮಾತು ತಾನಾಗಿಯೇ ಹೊರಗೆ ಬಂತು.

"ನಿನ್ನ ಪ್ರೀತಿಸ್ತೀನಿ ಔಸ್ತೆ."

"ಮೈಕ್ ಆನ್ ಇದೆ!" ಅಡುಗೆಮನೆಯಿಂದ ಕೂಗು ಬಂತು. "ನಾನೇನೂ ಕೇಳಿಸ್ಕೊಳ್ತಾ ಇಲ್ಲ!" ಹಿಂದೆಯೇ ಮುಂಬಾಗಿಲು ಮುಚ್ಚಿದ ಸದ್ದಾಯಿತು.

"ಹೋಗ್ಬೇಡ," ಎಂದ ರಿಮಾಸ್.

"ಒಪ್ಕೊಂಡಾಗಿದೆ. ಅಂಥ ವೇದಿಕೆ ನಂಗೆ ಇನ್ನೊಂದ್ಸಲ ಸಿಗಲ್ಲ."

"ಹಾಗಾದ್ರೆ ನಾನೂ ಬರ್ತೀನಿ."

"ಬಂದೇ ಬಿಡ್ತೀಯ. ಅದೇ ನಂಗೆ ಭಯ." ಅವಳು ಅವನ ಅಂಗಿಯ ಗುಂಡಿಯನ್ನು ತಿರುವುತ್ತಿದ್ದಳು. "ನಿನ್ನ ಸಂಗೀತ, ನಿನ್ನ ಊರು, ಎಲ್ಲ ಬಿಟ್ಟು ಬಂದು ಅಲ್ಲೂ ನನ್ನ ಸ್ವರಕ್ಕೇ ಅಂಟ್ಕೊಂಡು ನಿಲ್ತೀಯ. ಈಗಷ್ಟೇ ನಿನ್ನ ಜಾಗದಲ್ಲಿ ಎಷ್ಟು ಚೆನ್ನಾಗಿ ನಿಂತಿದ್ದೆ ಗೊತ್ತಾ?"

"ಬರ್ಬೇಡ ಅಂತೀಯಾ?"

ಔಸ್ತೆ ಹಣೆಯನ್ನು ಅವನ ಎದೆಗೆ ಒತ್ತಿ, ಅಂಗಿಯನ್ನು ಎರಡೂ ಕೈಯಲ್ಲಿ ಮುಷ್ಟಿ ಹಿಡಿದಳು.

"ಅನ್ಬೇಕು ಕಣೋ," ಎಂದಳು. "ಅನ್ನೋಕಾಗ್ತಿಲ್ಲ."