ಶಾಂಭವಿ ಟೀಚರ್ ಬರೆದ ಷರಾ

"ನಮ್ಮ ಹುಡುಗಿ ಮಾತಾಡೂದ ಬಿಟ್ಟಾಳ ಟೀಚರ್. ಅದಕ್ಕ ನೀವ ಕಾರಣ."

ಶಾಂಭವಿ ತಲೆಯೆತ್ತಿದಳು. ಸ್ಟಾಫ್ ರೂಮಿನ ಬಾಗಿಲಲ್ಲಿ ಪ್ರಭುರಾಜ ನಿಂತಿದ್ದ. ಊರು ಇದೇ ಗಿಣಿಗೇರಾ, ಕೊಪ್ಪಳದಲ್ಲಿ ಬ್ಯಾಂಕಿನ ಕೆಲಸ. ಮೂರನೇ ತರಗತಿಯ ಹುಲಗೆಮ್ಮನ ಸೋದರಮಾವ. ಕೈಯಲ್ಲಿ ಹುಡುಗಿಯ ಪ್ರಗತಿಪತ್ರ. ಅದರಲ್ಲಿ ಶಾಂಭವಿ ಬರೆದ ಷರಾ: 'ಅತಿಯಾದ ಮಾತು.'

ಎಲ್ಲರೂ ಬರೆಯುವುದು ಹೀಗೇ ಅಲ್ಲವೇ! ಅವಳಿಗೆ ಸಿಟ್ಟು ಬಂತು. ಆದರೆ ಹುಡುಗಿ ಊಟಕ್ಕೆ ಕುಳಿತರೂ ಬಾಯಿ ಬಿಡುವುದಿಲ್ಲ, ಸಾರು ಬೇಕಾದರೂ ಸನ್ನೆ ಮಾಡುತ್ತಾಳೆ ಎಂದು ಅವನು ಹೇಳಿದಾಗ ಸಿಟ್ಟು ಇಳಿಯಿತು. ಹಳೆಯದನ್ನು ಹೊಡೆದುಹಾಕಿ, 'ಕಥೆ ಚೆನ್ನಾಗಿ ಹೇಳುತ್ತಾಳೆ. ಬೇರೆಯವರ ಮಾತು ಮುಗಿಯುವವರೆಗೆ ಕಾಯುವುದನ್ನು ಕಲಿಯಬೇಕು' ಎಂದು ಬರೆದುಕೊಟ್ಟಳು.

ಓದಿ ಅವನು ನಕ್ಕ. ಆ ನಗು ನೋಡುತ್ತಾ ಶಾಂಭವಿ ಸಹಿ ಹಾಕುವುದನ್ನೇ ಮರೆತಳು...

ಅಂದಿನಿಂದ ಬ್ಯಾಂಕಿಗೆ ರಜೆಯಿದ್ದ ಶನಿವಾರಗಳಲ್ಲಿ ಸೋದರಸೊಸೆಯನ್ನು ಕರೆದೊಯ್ಯಲು ಅವನೇ ಬರತೊಡಗಿದ. ಹುಲಗೆಮ್ಮ ಮತ್ತೆ ಮಾತಾಡತೊಡಗಿದ್ದಳು; ಗೇಟಿನ ಬಳಿ ಇವರಿಬ್ಬರ ಮಾತೂ ಬೆಳೆಯಿತು. ಮಾವನಿಗಿಂತ ಸೊಸೆಗೇ ಮೊದಲು ವಿಷಯ ಗೊತ್ತಾಗಿತ್ತೆನ್ನಿ; ಬೇಕೆಂದೇ ಚಪ್ಪಲಿ ಹುಡುಕುತ್ತಾ ತಡಮಾಡುತ್ತಿದ್ದಳು.

ಒಂದು ದಿನ ಅದೇ ತರಗತಿಯ ಯೂಸುಫನ ತಾಯಿ ಶಾಹಜಾದಬಿ ಬಂದು ಶಾಂಭವಿಯ ಕೈ ಹಿಡಿದಳು. ಮಗ ಲೆಕ್ಕದಲ್ಲಿ ಶಾಣ್ಯಾ ಆಗುತ್ತಾನೆಂದು ಬರೆದಿದ್ದೀರಂತೆ, ದೇವರು ಚೆನ್ನಾಗಿಟ್ಟಿರಲಿ ಎಂದಳು. ಶಾಂಭವಿ ಬರೆದದ್ದು, 'ಗಣಿತದಲ್ಲಿ ತೀರಾ ಹಿಂದೆ.'

"ಯಾರು ಓದಿ ಹೇಳಿದ್ರು?"

"ಪ್ರಭಣ್ಣರಿ. ನಮ್ಮ ಓಣ್ಯಾಗ ಎಲ್ಲಾರ ಕಾರ್ಡೂ ಆತನ ಓದೂದು."

ಗಿಣಿಗೇರಾದ ಆ ಓಣಿಯಲ್ಲಿ ಓದು ಬಾರದ ತಾಯಂದಿರು ಪ್ರಗತಿಪತ್ರ ಬಂದ ದಿನ ಅವನ ಮನೆಯ ಕಟ್ಟೆಯ ಮೇಲೆ ಸೇರುತ್ತಿದ್ದರು. ಮಕ್ಕಳ ಕೈಲೇ ಓದಿಸಿದರೆ ಕಳ್ಳನ ಕೈಗೆ ಕೀಲಿ ಕೊಟ್ಟಂತೆ ಎಂದು ಅವರ ನಂಬಿಕೆ!

ಮುಂದಿನ ಶನಿವಾರ ಶಾಂಭವಿ ಕೇಳಿಯೇಬಿಟ್ಟಳು. ಅವನು ಒಪ್ಪಿಕೊಂಡ. ಇದ್ದದ್ದು ಇದ್ದಂತೆ ಓದಿದರೆ ಮಕ್ಕಳಿಗೆ ಏಟು ಬೀಳುತ್ತದೆ, ಅದಕ್ಕೇ ಸ್ವಲ್ಪ ಸಿಹಿ ಮಾಡಿ ಓದಿದೆ ಎಂದ.

"ಯೂಸುಫಗ ಇನ್ನೂ ಕಳಿಯೂ ಲೆಕ್ಕ ಬರೂದಿಲ್ಲ. ಅವರವ್ವಗ ಗೊತ್ತಿದ್ರ ಯಾರ ಕಡಿಂದರ ಕಲಿಸ್ತಿದ್ರು. ನನ್ನ ಮಾತು ತಿದ್ದಾಕ ನೀವ್ಯಾರು? ಇನ್ನ ಈ ಗೇಟಿನೊಳಗ ಬರಬ್ಯಾಡ್ರಿ."

"ತಪ್ಪಾತ್ರಿ," ಎಂದು ಅವನು ಹೊರಟುಹೋದ.

ನಿಜಕ್ಕೂ ಬರಲಿಲ್ಲ. ಹುಲಗೆಮ್ಮ ಅಜ್ಜಿಯ ಜೊತೆ ಹೋಗತೊಡಗಿದಳು. ಬರಬೇಡ ಎಂದವಳು ನಾನೇ, ಗೇಟು ನೋಡುತ್ತಾ ನಿಲ್ಲುವವಳೂ ನಾನೇ... ಅವನು ಮುಚ್ಚಿಟ್ಟದ್ದು ತಪ್ಪು. ಆದರೆ ಮುಚ್ಚಿಡಬೇಕೆನಿಸುವಂತೆ ಬರೆದದ್ದು? ಈ ಪ್ರಶ್ನೆ ಅವಳನ್ನು ಬಿಡಲಿಲ್ಲ.

ವಾರ್ಷಿಕ ಪರೀಕ್ಷೆಯ ಪ್ರಗತಿಪತ್ರಗಳನ್ನು ಅವಳು ನಿಧಾನವಾಗಿ ಬರೆದಳು. ಮಗುವಿಗೆ ಬರುವುದೇನು, ಬಾರದಿರುವುದೇನು, ಮನೆಯಲ್ಲಿ ಮಾಡಬೇಕಾದ್ದೇನು. ಯೂಸುಫನಿಗೆ: 'ಕೂಡುವ ಲೆಕ್ಕ ಗಟ್ಟಿಯಾಗಿದೆ. ಕಳೆಯುವುದು ಇನ್ನೂ ಬಂದಿಲ್ಲ. ದಿನಾ ಸಂಜೆ ಶೇಂಗಾ ಬೀಜ ಇಟ್ಟು, ತೆಗೆದು, ಉಳಿದದ್ದನ್ನು ಎಣಿಸಲು ಹೇಳಿರಿ.' ಪ್ರತಿ ಸಾಲು ಬರೆಯುವಾಗಲೂ ಅದನ್ನು ಓದುವ ಅವನ ದನಿ ಕೇಳುತ್ತಿತ್ತು.

ಪ್ರಗತಿಪತ್ರ ಕೊಟ್ಟ ಮರುದಿನ ಗೇಟಿನ ಆಚೆ ಪ್ರಭುರಾಜ! ಶಾಂಭವಿ ಓಡಿಯೇ ಬಂದಳು.

"ಒಳಗ ಬರಬ್ಯಾಡ ಅಂದಿದ್ರಿ. ಹೊರಗ ನಿಂತೀನಿ," ಎಂದ. "ಈ ಸಲ ಒಂದಕ್ಷರನೂ ಬದಲಿ ಮಾಡ್ಲಿಲ್ಲರಿ. ಶಾಹಜಾದಬಿ ಅಲ್ಲೇ ಕಟ್ಟಿ ಮ್ಯಾಲ ಶೇಂಗಾ ಹರವಿ ಮಗನ್ನ ಕುಂದರ್ಸಿದಳು. ಯಾರೂ ಬಡೀಲಿಲ್ಲ."

ಶಾಂಭವಿಯ ಕಣ್ಣು ತುಂಬಿತು. "ನೀವು ಓದ್ತೀರಂತನ ಬರದಿದ್ದೆ."

ಅವನು ಗೇಟಿನ ಸರಳು ಹಿಡಿದುಕೊಂಡ.

"ನಂದೊಂದು ಮಾತೈತಿ. ಸಿಹಿ ಮಾಡಾಕ ಬರವಲ್ದು, ಇದ್ದಂಗ ಹೇಳ್ತೀನಿ. ನಿಮ್ಮನ್ನ ಬಿಟ್ಟಿರಾಕ ಆಗವಲ್ದು. ನನ್ನ ಮದುವಿ ಆಗ್ತೀರೇನು?"

ಶಾಂಭವಿಯ ಎದೆ ಹಕ್ಕಿಯಂತೆ ಹಾರಿತು. ಬಂದ ನಗುವನ್ನು ತಡೆಯಲು ಅವಳಿಗೂ ಆಗಲಿಲ್ಲ.

"ಕುಷ್ಟಗಿಗೆ ಬಂದು ನಮ್ಮಪ್ಪನ್ನ ಕೇಳ್ರಿ."

"ಅವರು ಒಲ್ಲೆ ಅಂದ್ರ?"

"ನಾ ಹೂಂ ಅಂದೀನಿ. ಅವರನ್ನ ಒಪ್ಪಸೂದು ನನಗ ಬಿಡ್ರಿ," ಎಂದು ಶಾಂಭವಿ ಗೇಟು ತೆಗೆದಳು. "ಮೊದಲ ಒಳಗ ಬರ್ರಿ."