ಖಾಲಿ ಬಿಡಬಾರದ ಕಾಲಂ

"ಕೆಂಪು ಸ್ಟಾರ್ ಇರೋ ಕಾಲಂ ಖಾಲಿ ಬಿಡೋ ಹಾಗಿಲ್ಲ ಸಿಸ್ಟರ್."

ಅವನು ನನ್ನ ಜೊತೆ ಆಡಿದ ಮೊದಲ ಮಾತೇ ಇದು. ಒಂದು ನಮಸ್ಕಾರವಿಲ್ಲ, ಏನಿಲ್ಲ.

ಹನ್ನೊಂದು ವರ್ಷದಿಂದ ಹೆರಿಗೆ ವಾರ್ಡಿನಲ್ಲಿದ್ದೇನೆ. ರೋಗಿಗಳನ್ನು ದಾಖಲಿಸುವ ಎರಡು ಕಂಪನಿಗಳ ಸಾಫ್ಟ್‌ವೇರನ್ನು ತಲಾ ಮೂರು ವಾರ ಬಳಸಿ, ಯಾವುದು ಬೇಕೆಂದು ವರದಿ ಕೊಡುವ ಕೆಲಸವನ್ನು ದೊಡ್ಡ ಡಾಕ್ಟರಮ್ಮ ನನ್ನ ತಲೆಗೆ ಕಟ್ಟಿದ್ದರು. ಮೊದಲನೆಯದು ಮುಗಿದಿತ್ತು. ಎರಡನೆಯದನ್ನು ತೋರಿಸಿಕೊಡಲು ಬಂದವನು ಇವನು. ವಾರ್ಡಿನವರು ಅವನಿಗೆ ಡೆಮೋ ಎಂದೇ ಹೆಸರಿಟ್ಟರು.

"ಜೊತೆಗೆ ಬಂದವರ ಹೆಸರು ಕೇಳ್ತಿದೆ. ಒಬ್ಬಳೇ ಬಂದರೆ?" ಎಂದೆ.

"ಹೆರಿಗೆಗೆ ಯಾರಾದರೂ ಒಬ್ಬರೇ ಬರ್ತಾರಾ?"

"ನೀವು ಎಷ್ಟು ಹೆರಿಗೆ ಮಾಡಿಸಿದ್ದೀರಿ?"

ಅವನ ಕಿವಿ ಕೆಂಪಾಯಿತು. ಆ ಕೆಂಪು ನೋಡಲು ಚೆನ್ನಾಗಿದೆ ಅನ್ನಿಸಿ ನನಗೆ ಇನ್ನಷ್ಟು ಸಿಟ್ಟು ಬಂತು.

ಪರೀಕ್ಷೆಗೆ ಒಬ್ಬ ಸುಳ್ಳು ರೋಗಿ ಬೇಕೆಂದ. ಯೋಚಿಸುವ ತಾಳ್ಮೆಯಿಲ್ಲದೆ ನನ್ನದೇ ಹೆಸರು, ವಯಸ್ಸು ಮೂವತ್ತನಾಲ್ಕು, ಒಂಬತ್ತು ತಿಂಗಳು ಎಂದು ಕುಟ್ಟಿದೆ. ಜೊತೆಗೆ ಬಂದವರು ಎಂಬಲ್ಲಿ ನಮ್ಮ ವಾರ್ಡಿನ ಆಯಮ್ಮನ ಹೆಸರು ಹಾಕಿದೆ.

"ಮದುವೆಗೆ ಮುಂಚೆಯೇ ಬಸುರಿ ಮಾಡಿಬಿಟ್ಟನಲ್ಲೇ ನಿನ್ನ" ಎಂದು ಆಯಮ್ಮ ಇಡೀ ಕಾರಿಡಾರಿಗೆ ಕೇಳುವಂತೆ ನಕ್ಕಳು.

ಊಟದ ಬಿಡುವಿನಲ್ಲಿ ನಾನು ಫೋನಿನ ಆ್ಯಪ್ ಒಂದರಲ್ಲಿ ಧಾರಾವಾಹಿ ಬರೆಯುತ್ತೇನೆ. ಯಾರಿಗೂ ಹೇಳಿಲ್ಲ. ಆ ವಾರ ಕಥೆಗೊಬ್ಬ ಖಳನಾಯಕ ಬಂದ, ಕೆಂಪು ಕಿವಿಯವನು, ಮಾತೆತ್ತಿದರೆ ರೂಲ್ಸ್ ಎನ್ನುವವನು. ಓದುಗರು ಉಗಿಯುತ್ತಾರೆ ಎಂದು ಕಾದರೆ, ನಾಯಕಿಯನ್ನು ಇವನಿಗೇ ಕೊಟ್ಟು ಮದುವೆ ಮಾಡಿ ಎಂಬ ಕಮೆಂಟುಗಳು ಬಂದವು. ಮೈಯೆಲ್ಲ ಉರಿಯಿತು. ಅದೇ ಉರಿಯಲ್ಲಿ, ಕನ್ನಡದಲ್ಲಿ ಉದ್ದಕ್ಕೆ ಬರೆದರೆ ಇವನ ಸಾಫ್ಟ್‌ವೇರ್ ತಡೆದುಕೊಳ್ಳುತ್ತದೋ ನೋಡೋಣ ಎಂದು, ಆ ಕಂತನ್ನು ಸುಳ್ಳು ರೋಗಿಯ ಫೈಲಿಗೆ ಹಾಕಿದೆ. ಅಳಿಸುವುದು ಮರೆತುಹೋಯಿತು.

ಎರಡನೇ ವಾರ, ಮಧ್ಯಾಹ್ನ, ಒಬ್ಬ ಹೆಂಗಸು ನೋವು ತಿನ್ನುತ್ತ ಒಬ್ಬಳೇ ನಡೆದು ಬಂದಳು. ಯಾರೂ ಇಲ್ಲ ಎಂದಳು. ಜೊತೆಗೆ ಬಂದವರ ಹೆಸರಿಲ್ಲದೆ ಸ್ಕ್ರೀನ್ ಬೆಡ್ ಕೊಡಲಿಲ್ಲ. ನಾನು ಅದನ್ನು ಡೆಮೋ ಕಡೆ ತಿರುಗಿಸಿದೆ.

"ಹೇಳಿ ಈಕೆಗೆ, ನಿಮ್ಮ ರೂಲ್ಸು."

ಅವನು ಬಿಳಿಚಿಕೊಂಡ. ಆಮೇಲೆ ಬಗ್ಗಿ ತನ್ನದೇ ಹೆಸರು ಹಾಕಿದ. ನಾಲ್ಕನೇ ಬೆಡ್ ಸಿಕ್ಕಿತು.

ಹೆಸರು ಹಾಕಿದ ಮೇಲೆ ಆಯಮ್ಮ ಬಿಡುತ್ತಾಳೆಯೇ? ಬೆಡ್ ನಾಲ್ಕರವರೇ ಔಷಧಿ ತನ್ನಿ, ಬೆಡ್ ನಾಲ್ಕರವರೇ ಬಿಸಿನೀರು ತನ್ನಿ ಎಂದು ಐದು ಗಂಟೆ ಓಡಾಡಿಸಿದಳು. ನಡುವೆ ನೆಟ್‌ವರ್ಕ್ ಹೋಗಿ ಸ್ಕ್ರೀನ್ ಹನ್ನೊಂದು ನಿಮಿಷ ಸತ್ತು ಬಿದ್ದಿತ್ತು. ಮಗುವಿನ ಎದೆಬಡಿತವನ್ನು ನಾನು ಕೈಗೆ ಸಿಕ್ಕಿದ ರಟ್ಟಿನ ಮೇಲೆ ಬರೆದುಕೊಂಡೆ. ಆಚೆ ಬೆಂಚಿನಲ್ಲಿ ಅವನು ಆಕೆಯ ಚಪ್ಪಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಹೆಣ್ಣು ಮಗು. ತಾಯಿ ಹೂಂ ಎಂದ ಮೇಲೆ ಅವನ ಕೈಗೆ ಕೊಟ್ಟೆ.

"ತಲೆ ಸರಿಯಾಗಿ ಹಿಡೀರಿ, ಕೀಬೋರ್ಡಲ್ಲ ಅದು" ಎಂದು ಗದರಿ ಅವನ ಕೈ ಕೆಳಗೆ ನನ್ನ ಕೈ ಇಟ್ಟೆ. ಅವನು ತಲೆ ಸರಿಯಾಗಿ ಹಿಡಿದ. ನಾನು ಕೈ ತೆಗೆಯಲಿಲ್ಲ.

ಮರುದಿನ ಆ ಕಾಲಮ್ಮಿನ ಕೆಂಪು ಸ್ಟಾರ್ ಇರಲಿಲ್ಲ. ಅವನು ಅದರ ಮಾತೆತ್ತಲಿಲ್ಲ, ನಾನೂ ಥ್ಯಾಂಕ್ಸ್ ಹೇಳಲಿಲ್ಲ. ಆದರೆ ಚಹಾ ತರುವಾಗ ಎರಡು ಲೋಟ ತರತೊಡಗಿದೆ, ಒಂದನ್ನು ಅವನ ಮುಂದೆ ಕುಕ್ಕುತ್ತಿದ್ದೆ.

"ನೀವು ನಮ್ಮದನ್ನ ಆರಿಸಿದರೆ ನಾನು ಇಲ್ಲೇ ಇರ್ತೀನಿ. ಇಲ್ಲದಿದ್ದರೆ ಸೋಮವಾರ ಬೇರೆ ಊರು" ಎಂದ ಒಂದು ದಿನ.

"ಹೆದರಿಸ್ತಿದ್ದೀರಾ?"

"ಹೇಳ್ತಿದ್ದೀನಿ ಅಷ್ಟೆ."

ವರದಿಯನ್ನು ಮೂರು ಸಲ ಬರೆದೆ. ಅವನು ಇರಲಿ ಎಂದು ಬರೆಯಲು ಕೈ ಹೋಗುತ್ತಿತ್ತು, ಆ ಹನ್ನೊಂದು ನಿಮಿಷ ಅಡ್ಡ ಬರುತ್ತಿತ್ತು. ಮೊದಲನೆಯ ಕಂಪನಿಯದು ನೆಟ್‌ವರ್ಕ್ ಇಲ್ಲದೆಯೂ ನಡೆಯುತ್ತದೆ. ಅದನ್ನೇ ಬರೆದು ಸಹಿ ಹಾಕಿ, ಬಟ್ಟೆ ಕೋಣೆಗೆ ಹೋಗಿ ಅತ್ತೆ.

ಶನಿವಾರ ಅವನು ಫೈಲುಗಳನ್ನು ಮುಚ್ಚಲು ಬಂದ.

"ವರದಿ ಓದಿದೆ. ನಾನಾಗಿದ್ದರೂ ಅದನ್ನೇ ಬರೀತಿದ್ದೆ."

"ಮತ್ತೆ ಮುಖ ಯಾಕೆ ಹಾಗೆ?"

"ಸುಳ್ಳು ರೋಗಿಯ ಫೈಲೂ ಓದಿದೆ. ನನ್ನ ಕಿವಿ ಅಷ್ಟು ಕೆಟ್ಟದಾಗಿದೆಯಾ?"

ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ಕೆಟ್ಟದಾಗಿಲ್ಲ. ಅದೇ ನನ್ನ ಕರ್ಮ" ಎಂದೆ.

ಕೊನೆಗೆ ಉಳಿದದ್ದು ಅದೊಂದೇ ಫೈಲು, ಮೂರು ವಾರದಿಂದ ಹೆರದೆ ಮಲಗಿದ್ದ ನಾನು. ಡಿಸ್ಚಾರ್ಜ್ ಒತ್ತಿದೆ. ಮನೆಗೆ ಜೊತೆಗೆ ಹೋಗುವವರು ಯಾರು ಎಂದು ಕೇಳಿತು. ಪಕ್ಕದಲ್ಲಿ ಕೆಂಪು ಸ್ಟಾರ್.

"ಇಲ್ಲಿ ತೆಗೆಯೋದು ಮರೆತಿದ್ದೀರಿ."

"ಮರೆತಿಲ್ಲ. ನಿಮ್ಮ ಫೈಲಿಗೆ ಮಾತ್ರ ಬಿಟ್ಟಿದ್ದೀನಿ." ಅವನು ಕಿಟಕಿ ಕಡೆ ಮುಖ ಮಾಡಿದ್ದ, ಕಿವಿ ಮಾತ್ರ ಕಾಣುತ್ತಿತ್ತು. "ಆಯಮ್ಮನ ಹೆಸರು ಹಾಕಿದರೂ ತಗೊಳ್ಳುತ್ತೆ."

ಆಯಮ್ಮನ ಹೆಸರಿನ ಮೊದಲ ಅಕ್ಷರ ಒತ್ತಿದೆ. ಅಳಿಸಿದೆ. ಅವನ ಹೆಸರು ಹಾಕಿದೆ. ಸಂಬಂಧ ಎಂಬಲ್ಲಿ ಖಳನಾಯಕ ಎಂದು ಬರೆದು ಸೇವ್ ಮಾಡಿದೆ.

ಅವನು ಬಗ್ಗಿ ಓದಿದ. ತುಂಬ ಹೊತ್ತು ಓದಿದ.

"ಇದನ್ನ ಆಮೇಲೆ ತಿದ್ದಬಹುದಾ ಸಿಸ್ಟರ್?"

"ಸೋಮವಾರ ಊರಲ್ಲಿದ್ದರೆ ನೋಡೋಣ."

ಅವನು ಫೋನ್ ತೆಗೆದು ಆಫೀಸಿಗೆ ಹಚ್ಚಿದ. ಸೋಮವಾರ ಬರೋಕಾಗಲ್ಲ ಸರ್, ನಮ್ಮನೆಯವರನ್ನ ಡಿಸ್ಚಾರ್ಜ್ ಮಾಡ್ತಿದ್ದಾರೆ, ಎಂದ.